ಮನೆಯ ರೌಟರ್‌ಗೆ ಪುಟ್ಟ ಬೋರ್ಡು: ಡ್ರಾಯರಿನಲ್ಲಿರುವ ಪೈ ಸಾಕೇ, ಹೊಸದು ಬೇಕೇ?

ಹನುಮಂತನಗರದವ

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ.

ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ ಅಪ್ಪ ಅಮ್ಮ, ಮೇಲೆ ನಾವು. 200 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ಸಂಪರ್ಕ ಕೊಟ್ಟವರು ಗೋಡೆಗೆ ಬಡಿದುಹೋದ ಬಿಳಿ ಡಬ್ಬಿಯೇ ರೌಟರ್, ವೈಫೈ ಕೂಡ ಅದರದ್ದೇ. ವೇಗ ಅಳೆದರೆ ಹೇಳಿದಷ್ಟು ಬರುತ್ತದೆ, ದೂರುವಂತಿಲ್ಲ. ಆದರೆ ನನ್ನ ಫೋಟೊಗಳ ಬ್ಯಾಕಪ್ ಶುರುವಾಯಿತೆಂದರೆ ಹೆಂಡತಿಯ ಆಫೀಸಿನ ಕರೆಯಲ್ಲಿ ಮಾತು ತುಂಡು ತುಂಡಾಗುತ್ತದೆ. ಬೆಳಿಗ್ಗೆ ಆರಕ್ಕೆ ಅಪ್ಪ ಟಿ.ವಿ.ಯಲ್ಲಿ ವಿಷ್ಣು ಸಹಸ್ರನಾಮ ಹಾಕುತ್ತಾರೆ. ನೂರನೇ ನಾಮ ತಲುಪುವ ಮೊದಲೇ ನಿಂತು, ತೆರೆಯ ಮೇಲೆ ವಿಷ್ಣುವಿನದಲ್ಲದ ಚಕ್ರವೊಂದು ತಿರುಗತೊಡಗುತ್ತದೆ. ಅಪ್ಪ ಟಿ.ವಿ.ಯನ್ನು ಬಿಟ್ಟು ನನ್ನನ್ನು ನೋಡುತ್ತಾರೆ.

ಡ್ರಾಯರಿನಲ್ಲಿ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡು, 2 ಜಿಬಿಯ ರಾಸ್ಪ್‌ಬೆರಿ ಪೈ 4 ಇದೆ. ಸಂಪಿನ ನೀರಿನ ಮಟ್ಟ ತೋರಿಸುವ ಸಾಧನ ಮಾಡುತ್ತೇನೆಂದು ಕೊಂಡದ್ದು, ಮಾಡಲಿಲ್ಲ. ಅದನ್ನೇ ರೌಟರ್ ಮಾಡಲೇ? ನೀರಿನ ಕೆಲಸವನ್ನೂ ಅದಕ್ಕೇ ವಹಿಸಲೇ? ಅಥವಾ ಎರಡು ಈಥರ್ನೆಟ್ (ತಂತಿ ಸಿಕ್ಕಿಸುವ ಜಾಲದ ಕಿಂಡಿ) ಇರುವ ಚಿಕ್ಕ ಬೋರ್ಡು ಕೊಳ್ಳಲೇ? ಹತ್ತು ಸಾವಿರದ ಒಳಗೆ ಮುಗಿಯಬೇಕು.

ಬೆಸುಗೆಗಾರ

ಪೈ 4 ಸಾಕು. ಆದರೂ ಬೇಡ.

ಸಾಕು ಏಕೆಂದರೆ, 2018ರ ಪೈ 3ಬಿ ಪ್ಲಸ್‌ನಂತೆ ಇದರದ್ದು ಹೆಸರಿಗಷ್ಟೇ ಗಿಗಾಬಿಟ್ ಅಲ್ಲ. ಅದರಲ್ಲಿ ಈಥರ್ನೆಟ್ ಒಳಗೊಳಗೇ ಯುಎಸ್‌ಬಿ 2.0 ಹಾದು ಬರುತ್ತಿತ್ತು, 300ರ ಆಸುಪಾಸಿನಲ್ಲಿ ಉಸಿರು ಕಟ್ಟುತ್ತಿತ್ತು. 2019ರ ಪೈ 4ರಲ್ಲಿ ಈಥರ್ನೆಟ್‌ಗೆ ತನ್ನದೇ ದಾರಿ ಇದೆ, ಯುಎಸ್‌ಬಿ 3.0 ಕೂಡ ಬಂದಿದೆ. ರೌಟರ್‌ಗೆ ಒಳಗೊಂದು ಹೊರಗೊಂದು ಎಂದು ಎರಡು ಬಾಗಿಲು ಬೇಕಲ್ಲ, ಎರಡನೆಯದನ್ನು ಆರ್‌ಟಿಎಲ್8153 ಚಿಪ್ ಇರುವ ಯುಎಸ್‌ಬಿ ಅಡಾಪ್ಟರ್‌ನಿಂದ ಪಡೆಯಬಹುದು. ಮ್ಯಾನೇಜ್ಡ್ ಸ್ವಿಚ್ (ನಾವು ಹೇಳಿದಂತೆ ಕೇಳುವ ಜಾಲದ ಹಂಚುಪೆಟ್ಟಿಗೆ) ಇದ್ದರೆ ಒಂದೇ ತಂತಿಯಲ್ಲಿ ಎರಡು ವಿಎಲ್ಎಎನ್, ಅಂದರೆ ಎರಡು ಪ್ರತ್ಯೇಕ ಜಾಲ ಮಾಡಿ ಅಡಾಪ್ಟರ್ ಇಲ್ಲದೆಯೂ ನಡೆಸಬಹುದು.

ಬೇಡ ಏಕೆಂದರೆ ನಾನು ಹಾಗೆ ಮಾಡಿದ್ದೆ. ಒಂದು ಸೋಮವಾರ ಇಂಟರ್ನೆಟ್ ಬಂದು ಬಂದು ಹೋಗುತ್ತಿತ್ತು. ಲಾಗ್ ಓದಿದೆ, ಕೇಬಲ್ ಬದಲಿಸಿದೆ, ಹೊಸ ಕರ್ನಲ್ (ವ್ಯವಸ್ಥೆಯ ತಿರುಳು) ಹಾಕಿದೆ. ಕೊನೆಗೆ ತಿಳಿದದ್ದೇನೆಂದರೆ, ಗುಡಿಸುವಾಗ ಪೊರಕೆ ತಾಗಿ ಯುಎಸ್‌ಬಿ ಅಡಾಪ್ಟರ್ ಒಂದು ಕೂದಲೆಳೆಯಷ್ಟು ಸಡಿಲವಾಗಿತ್ತು. ನೇತಾಡುವ ಭಾಗ ಇರುವ ಯಂತ್ರ ಮೇಜಿನ ಮೇಲೆ ಚೆನ್ನ, ಶೂ ರ್‍ಯಾಕಿನ ಹಿಂದೆ ಅಲ್ಲ.

ಕೊಳ್ಳುವುದಾದರೆ ನ್ಯಾನೊಪೈ ಆರ್2ಎಸ್ ನೋಡಿ. ರಾಕ್‌ಚಿಪ್ ಆರ್‌ಕೆ3328, ನಾಲ್ಕು ಕಾರ್ಟೆಕ್ಸ್ ಎ53 ಕೋರ್, 1 ಜಿಬಿ ರ್‍ಯಾಮ್. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಗಾತ್ರ. ಎರಡು ಗಿಗಾಬಿಟ್ ಕಿಂಡಿಗಳಲ್ಲಿ ಒಂದು ಇಲ್ಲಿಯೂ ಯುಎಸ್‌ಬಿ 3 ಮೂಲಕವೇ, ಆದರೆ ಬೋರ್ಡಿಗೇ ಬೆಸೆದಿರುವುದರಿಂದ ಪೊರಕೆಯ ಭಯವಿಲ್ಲ. ಆರ್4ಎಸ್ ಇದಕ್ಕಿಂತ ಗಟ್ಟಿ, ಎರಡನೆಯ ಕಿಂಡಿ ಪಿಸಿಐಇ ಎಂಬ ವೇಗದ ಒಳದಾರಿಯ ಮೇಲಿದೆ. ಆರ್5ಎಸ್‌ನಲ್ಲಿ 2.5 ಗಿಗಾಬಿಟ್ಟಿನ ಎರಡು, 1 ಗಿಗಾಬಿಟ್ಟಿನ ಒಂದು. ನಿಮ್ಮ 200ಕ್ಕೆ ಅದು ನೊಣ ಹೊಡೆಯಲು ಒನಕೆ.

ಇವುಗಳಲ್ಲಿ ವೈಫೈ ಇಲ್ಲ, ಪೈಯಲ್ಲಿರುವ ವೈಫೈ ಒಂದು ಕೋಣೆ ದಾಟುವುದು ಕಷ್ಟ. ಈಗಿರುವ ಬಿಳಿ ಡಬ್ಬಿಯನ್ನು ಬ್ರಿಡ್ಜ್ ಮಾಡಿಸಿ (ರೌಟರ್ ಕೆಲಸ ಬಿಟ್ಟು ಬರೀ ದಾಟಿಸುವಂತೆ), ಹಳೆಯದೊಂದು ರೌಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ನಿಲ್ಲಿಸಿ ಅದನ್ನು ಬರೀ ವೈಫೈಗೆ ಇಟ್ಟುಕೊಳ್ಳಿ.

ಜಯನಗರದ ಜಿಜ್ಞಾಸು

ಇಷ್ಟೆಲ್ಲ ರಾಮಾಯಣ ಏಕೆ? ಮೂರು ನಾಲ್ಕು ಸಾವಿರಕ್ಕೆ ಒಳ್ಳೆಯ ರೌಟರ್ ಅಂಗಡಿಯಲ್ಲೇ ಸಿಗುತ್ತದೆ. ಅಥವಾ 500 ಎಂಬಿಪಿಎಸ್ ಯೋಜನೆಗೆ ಹೋಗಿ, ತೊಂದರೆ ತಾನಾಗಿ ಹೋಗುತ್ತದೆ.

ರಾತ್ರಿಪಾಳಿ

ಹೋಗುವುದಿಲ್ಲ. ನಾನು 100ರಿಂದ 300ಕ್ಕೆ ಹೋಗಿ ನೋಡಿದ್ದೇನೆ. ಹಣ ಹೋಯಿತು, ತೊಂದರೆ ಉಳಿಯಿತು.

ಇದು ವೇಗದ ಕಾಯಿಲೆಯಲ್ಲ, ಸಾಲಿನ ಕಾಯಿಲೆ. ದರ್ಶಿನಿಯ ಕೌಂಟರಿನಲ್ಲಿ ಒಬ್ಬ ನಲವತ್ತು ಇಡ್ಲಿ, ಇಪ್ಪತ್ತು ವಡೆ ಪಾರ್ಸೆಲ್ ಹೇಳಿ ನಿಂತಿದ್ದಾನೆ. ಅವನ ಹಿಂದೆ ನೀವು, ಬೇಕಾದದ್ದು ಅರ್ಧ ಕಾಫಿ. ಅಡುಗೆಮನೆ ಎಷ್ಟೇ ಚುರುಕಾಗಿರಲಿ, ಒಂದೇ ಸಾಲಾದರೆ ನಿಮ್ಮ ಕಾಫಿ ಅವನ ಇಡ್ಲಿಯ ನಂತರವೇ. ಫೋಟೊ ಬ್ಯಾಕಪ್ ಆ ಪಾರ್ಸೆಲ್ಲಿನವನು, ನಿಮ್ಮ ಮನೆಯವರ ಮಾತು ಅರ್ಧ ಕಾಫಿ. ರೌಟರ್ ತಯಾರಿಸುವವರು ಒಂದು ಪ್ಯಾಕೆಟ್ಟೂ (ಮಾಹಿತಿಯ ತುಣುಕು) ಬಿದ್ದುಹೋಗಬಾರದೆಂದು ದೊಡ್ಡ ಬಫರ್ ಇಡುತ್ತಾರೆ, ಅಂದರೆ ಸಾಲು ಬೀದಿಯವರೆಗೆ ಬೆಳೆಯಲು ಬಿಡುತ್ತಾರೆ. ಇದಕ್ಕೆ ಜಿಮ್ ಗೆಟ್ಟಿಸ್ ಇಟ್ಟ ಹೆಸರು ಬಫರ್‌ಬ್ಲೋಟ್. 2012ರಲ್ಲಿ ಕ್ಯಾಥಲೀನ್ ನಿಕಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಉಪಾಯ ಕೊಟ್ಟರು: ಸಾಲು ಎಷ್ಟು ಉದ್ದ ಎಂದು ನೋಡಬೇಡಿ, ಒಬ್ಬೊಬ್ಬರು ಎಷ್ಟು ಹೊತ್ತು ನಿಂತರು ಎಂದು ನೋಡಿ. ಎಫ್‌ಕ್ಯೂ ಕೋಡೆಲ್ ಬಂದಾಗ ಪ್ರತಿ ಸಂಭಾಷಣೆಗೂ ಬೇರೆ ಬೇರೆ ಸಾಲಾಯಿತು. 2018ರಲ್ಲಿ ಲಿನಕ್ಸ್ 4.19ರೊಂದಿಗೆ ಇದೇ ಕೆಲಸ ಮಾಡುವ ಕೇಕ್ ಎಂಬುದು ಸೇರಿತು. ರೌಟರ್‌ಗಳಿಗೆಂದೇ ಇರುವ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎಸ್‌ಕ್ಯೂಎಂ ಎಂಬ ಪುಟದಲ್ಲಿ ಇವೆಲ್ಲ ಸಿಗುತ್ತವೆ.

ಒಂದು ಗುಟ್ಟಿದೆ. ಅಳೆದ ವೇಗದ 90 ಪ್ರತಿಶತವನ್ನಷ್ಟೇ ಅಲ್ಲಿ ಬರೆಯಬೇಕು. ಸಾಲು ನಿಮ್ಮ ಪೆಟ್ಟಿಗೆಯಲ್ಲಿ ಬೆಳೆದರೆ ನೀವು ಆಳಬಹುದು, ಸಂಪರ್ಕ ಕೊಟ್ಟವರ ಪೆಟ್ಟಿಗೆಯಲ್ಲಿ ಬೆಳೆದರೆ ಅದು ನಿಮ್ಮ ಮಾತು ಕೇಳುವುದಿಲ್ಲ. ಹಾರ್ಡ್‌ವೇರ್ ಆಫ್‌ಲೋಡ್ (ಸಿಪಿಯುವನ್ನು ಬಿಟ್ಟು ಚಿಪ್ಪೇ ದಾಟಿಸುವ ಸೌಲಭ್ಯ) ಹಾಕಿದ್ದರೆ ತೆಗೆಯಿರಿ, ಇಲ್ಲವಾದರೆ ಪ್ಯಾಕೆಟ್ಟುಗಳು ಎಸ್‌ಕ್ಯೂಎಂಗೆ ಮುಖ ತೋರಿಸದೆಯೇ ದಾಟಿಹೋಗುತ್ತವೆ. ಪ್ರತಿ ಪ್ಯಾಕೆಟ್ಟನ್ನೂ ಸಿಪಿಯು ಕೈಯಾರೆ ಮುಟ್ಟಬೇಕಾದ್ದರಿಂದಲೇ ಬೋರ್ಡು ಸ್ವಲ್ಪ ಗಟ್ಟಿಯಿರಬೇಕು ಎನ್ನುವುದು. ನಿಮ್ಮ 200ಕ್ಕೆ ಆರ್2ಎಸ್ ಧಾರಾಳ.

ನನ್ನ ಮನೆಯಲ್ಲಿ ಅಪ್‌ಲೋಡ್ ನಡೆಯುವಾಗ ಪಿಂಗ್ (ಹೋಗಿ ಬರುವ ಹೊತ್ತು) 12ರಿಂದ 380 ಮಿಲಿಸೆಕೆಂಡಿಗೆ ಏರುತ್ತಿತ್ತು. ಈಗ 20 ದಾಟುವುದಿಲ್ಲ. ರಾತ್ರಿ ಎರಡಕ್ಕೆ ಅಮೆರಿಕದವರೊಡನೆ ಮಾತನಾಡುವವಳಿಗೆ ಆ ವ್ಯತ್ಯಾಸದ ಬೆಲೆ ಗೊತ್ತು.

ಜಯನಗರದ ಜಿಜ್ಞಾಸು

ಅರ್ಧ ಕಾಫಿ ಒಪ್ಪಿದೆ. ಆದರೆ ಓಪನ್‌ಡಬ್ಲ್ಯುಆರ್‌ಟಿ ಅಂಗಡಿಯ ರೌಟರ್‌ಗಳ ಮೇಲೂ ಕೂರುತ್ತದಲ್ಲ?

ಬೆಸುಗೆಗಾರ

ಕೂರುತ್ತದೆ, ಅದು ಹುಟ್ಟಿದ್ದೇ ಅಲ್ಲಿ. ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ ರೌಟರ್ ಒಳಗೆ ಲಿನಕ್ಸ್ ಇತ್ತು, ಸಂಕೇತ ಹಂಚಬೇಕೆನ್ನುವ ಜಿಪಿಎಲ್ ಪರವಾನಗಿಯಂತೆ 2003ರಲ್ಲಿ ಅದರ ಮೂಲ ಸಂಕೇತ ಹೊರಗೆ ಬಂತು, ಮರುವರ್ಷ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಹೆಸರಿನ ಕೊನೆಯ ಮೂರಕ್ಷರ ಆ ಪೆಟ್ಟಿಗೆಯದ್ದೇ. ಆದರೆ ಅಂಗಡಿಯ ರೌಟರ್ ಕೊಳ್ಳುವಾಗ ಒಂದೇ ಮಾದರಿಯ ಹೆಸರಿನಡಿ ಎರಡನೆಯ, ಮೂರನೆಯ ಆವೃತ್ತಿ ಎಂದು ಒಳಗಿನ ಚಿಪ್ಪೇ ಬದಲಾಗಿರುತ್ತದೆ. ಡಬ್ಬಿಯ ತಳದ ಚೀಟಿ ಓದದೆ ಹಣ ಕೊಡಬೇಡಿ. 2024ರ ಕೊನೆಯಲ್ಲಿ ಯೋಜನೆಯವರೇ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ಬೋರ್ಡು ತಂದರು: 1 ಜಿಬಿ ರ್‍ಯಾಮ್, ಒಂದು 2.5 ಗಿಗಾಬಿಟ್, ಒಂದು 1 ಗಿಗಾಬಿಟ್, ವೈಫೈ 6. ಒಂದೇ ಪೆಟ್ಟಿಗೆ ಸಾಕು ಎನ್ನುವವರಿಗೆ ಅದು ಒಳ್ಳೆಯದು.

ಹನುಮಂತನಗರದವ

ಅಪ್ಪನ ಹಳೆಯ ಡೆಸ್ಕ್‌ಟಾಪ್ ಒಂದು ಅಟ್ಟದಲ್ಲಿದೆ. ಅದಕ್ಕೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿದರೆ ಖರ್ಚೇ ಇಲ್ಲವಲ್ಲ?

ನಿವೃತ್ತ ದೂರವಾಣಿ

ಖರ್ಚು ವಿದ್ಯುತ್ ಬಿಲ್ಲಿನಲ್ಲಿ ಬರುತ್ತದೆ. ಹಳೆಯ ಡೆಸ್ಕ್‌ಟಾಪ್ ಸುಮ್ಮನೆ ಕುಳಿತರೂ 50 ವ್ಯಾಟ್ ಎಂದುಕೊಳ್ಳಿ, ತಿಂಗಳಿಗೆ 36 ಯೂನಿಟ್. ಈ ಪುಟ್ಟ ಬೋರ್ಡು 3 ವ್ಯಾಟ್, ಎರಡು ಯೂನಿಟ್ಟಿಗಿಂತ ಚೂರು ಹೆಚ್ಚು.

ನಾನು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವನು. ನೀವೆಲ್ಲ ಚಿಪ್ಪಿನ ಬಗ್ಗೆ ಬರೆಯುತ್ತಿದ್ದೀರಿ, ಬುಡದ ವಿಷಯ ಯಾರೂ ಎತ್ತಲಿಲ್ಲ. ಊರಿಗೆ ಊರೇ ಕತ್ತಲಾದಾಗಲೂ ಹಳೆಯ ಫೋನು ಏಕೆ ಗುಂಯ್ ಎನ್ನುತ್ತಿತ್ತು? ನಮ್ಮಲ್ಲಿ ಎರಡು ವೋಲ್ಟಿನ 24 ಸೆಲ್‌ಗಳು ಸಾಲಾಗಿ ನಿಂತು 48 ವೋಲ್ಟ್ ಕೊಡುತ್ತಿದ್ದವು, ಅದೇ ತಾಮ್ರದ ಜೋಡಿತಂತಿಯಲ್ಲಿ ನಿಮ್ಮ ಮನೆಯ ಫೋನಿಗೂ ಬರುತ್ತಿತ್ತು. ಫೈಬರಿನಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ಆ ಹೊಣೆ ಈಗ ನಿಮ್ಮದು.

ಮನೆಯಲ್ಲಿ ಇನ್ವರ್ಟರ್ ಇದೆ ಎಂದು ನಿಶ್ಚಿಂತರಾಗಬೇಡಿ. ಲೈನಿನಿಂದ ಬ್ಯಾಟರಿಗೆ ಹೊರಳುವ ಆ ಕ್ಷಣದಲ್ಲಿ ಫ್ಯಾನು ತಿರುಗುತ್ತಲೇ ಇರುತ್ತದೆ, ಬೋರ್ಡು ಸತ್ತು ಹುಟ್ಟುತ್ತದೆ. ಬಿಳಿ ಡಬ್ಬಿ 12 ವೋಲ್ಟ್, ಬೋರ್ಡು 5 ವೋಲ್ಟ್. ಎರಡೂ ಕೊಡುವ ಚಿಕ್ಕ ಡಿ.ಸಿ. ಯುಪಿಎಸ್ ಸಿಗುತ್ತದೆ, ಎರಡಕ್ಕೂ ಒಂದೇ ಇರಲಿ.

ಮತ್ತೆ ಕೇಬಲ್. ನನ್ನ ಮೊಮ್ಮಗನ ಪೈ ಪದೇ ಪದೇ ತಾನಾಗಿ ರೀಬೂಟ್ ಆಗುತ್ತಿತ್ತು. ಮಲ್ಟಿಮೀಟರ್ ಹಿಡಿದೆ. ಅಡಾಪ್ಟರಿನ ತುದಿಯಲ್ಲಿ 5.1 ವೋಲ್ಟ್, ಬೋರ್ಡಿನ ಪಿನ್ನುಗಳ ಮೇಲೆ 4.5. ಪೈ 4.63ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ ಕೊಡುತ್ತದೆ, ಕರ್ನಲ್ ಲಾಗ್‌ನಲ್ಲಿ ಅಂಡರ್‌ವೋಲ್ಟೇಜ್ ಎಂಬ ಸಾಲು ಬಂದೇ ಇತ್ತು, ಹುಡುಗ ಓದಿರಲಿಲ್ಲ. ನಡುವೆ ಇದ್ದದ್ದು ಫೋನ್ ಚಾರ್ಜ್ ಮಾಡುವ ಎರಡು ಮೀಟರಿನ ತೆಳ್ಳನೆಯ ಕೇಬಲ್. ಹೋಗಿ ಬರುವ ತಂತಿ ಸೇರಿ 0.3 ಓಮ್ ಇದ್ದರೂ 2 ಆಂಪಿಯರ್ ಹರಿದಾಗ 0.6 ವೋಲ್ಟ್ ದಾರಿಯಲ್ಲೇ ತಿಂದುಹೋಗುತ್ತದೆ. ಅರ್ಧ ಮೀಟರಿನ ದಪ್ಪ ಕೇಬಲ್ ಹಾಕಿದೆವು, ಮುಗಿಯಿತು.

ಸಂಪಿನ ಕಪ್ಪೆ

ದೂರವಾಣಿ ರಾಯರು ಹೇಳಿದ "ಸತ್ತು ಹುಟ್ಟುವ" ವಿಷಯಕ್ಕೆ ನನ್ನದೊಂದು ಸೇರಿಸುತ್ತೇನೆ. ಮೂಲ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ.

ನಾನು ಒಂದೇ ಪೈಗೆ ರೌಟರ್ ಕೆಲಸವನ್ನೂ ಸಂಪಿನ ಕೆಲಸವನ್ನೂ ವಹಿಸಿದ್ದೆ. ಐದು ತಿಂಗಳು ದೂರಿಲ್ಲದೆ ಓಡಿತು. ಒಂದು ರಾತ್ರಿ ಮಳೆ ಬಂದು ಎರಡು ಗಂಟೆ ಕರೆಂಟ್ ಇರಲಿಲ್ಲ. ಬಂದ ಮೇಲೆ ದೀಪಗಳೆಲ್ಲ ಹಸಿರು, ಐಪಿ ವಿಳಾಸ ಸಿಕ್ಕಿದೆ, ಗೂಗಲ್‌ನ 8.8.8.8ಕ್ಕೆ ಪಿಂಗ್ ಹೋಗುತ್ತದೆ, ಒಂದು ಜಾಲತಾಣವೂ ತೆರೆಯುವುದಿಲ್ಲ. ರಾತ್ರಿ ಹನ್ನೊಂದೂವರೆ. ಭಾವಮೈದುನನಿಗೆ ಬೆಳಿಗ್ಗೆ ಆನ್‌ಲೈನ್ ಸಂದರ್ಶನ.

ಆದದ್ದು ಇಷ್ಟು. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಏಳುವಾಗ ಇವತ್ತು ಯಾವ ದಿನ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಒಂದು ಊಹೆ ಮಾಡುತ್ತದೆ: ಸಂರಚನೆಯ ಕಡತಗಳಲ್ಲಿ ಕೊನೆಯದಾಗಿ ಬದಲಾದದ್ದು ಯಾವಾಗಲೋ, ಅದೇ ಇವತ್ತು. ನಾನು ಕೈ ಹಾಕಿ ಐದು ತಿಂಗಳಾಗಿತ್ತು, ಹಾಗಾಗಿ ಪೈ ಐದು ತಿಂಗಳ ಹಿಂದೆ ಎದ್ದು ಕುಳಿತಿತ್ತು. ನನ್ನ ಡಿಎನ್ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕುವುದು) ಟಿಎಲ್ಎಸ್ ಎಂಬ ಗೂಢಲಿಪಿಯ ಮೇಲೆ ಹೋಗುವಂತೆ ಮಾಡಿದ್ದೆ. ಸರ್ವರ್ ತೋರಿಸಿದ ಪ್ರಮಾಣಪತ್ರ ಹೋದ ತಿಂಗಳು ಹೊರಡಿಸಿದ್ದು, ಪೈ ದೃಷ್ಟಿಯಲ್ಲಿ ಅದು ಇನ್ನೂ ಹುಟ್ಟೇ ಇಲ್ಲ. ಒಪ್ಪಲಿಲ್ಲ. ಡಿಎನ್ಎಸ್ ಇಲ್ಲದೆ ಸಮಯ ತಿಳಿಸುವ ಎನ್‌ಟಿಪಿ ಸರ್ವರ್‌ನ ವಿಳಾಸ ಸಿಗದು, ಎನ್‌ಟಿಪಿ ಇಲ್ಲದೆ ಗಡಿಯಾರ ಸರಿಯಾಗದು, ಗಡಿಯಾರ ಸರಿಯಾಗದೆ ಡಿಎನ್ಎಸ್ ಬಾರದು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು.

ಆ ರಾತ್ರಿ ದಿನಾಂಕವನ್ನು ಕೈಯಿಂದ ಬರೆದು ಪಾರಾದೆ. ಆಮೇಲೆ ಎನ್‌ಟಿಪಿಗೆ ಹೆಸರಿನ ಬದಲು ಐಪಿ ವಿಳಾಸ ಕೊಟ್ಟೆ, ಡಿಎಸ್3231 ಗಡಿಯಾರವನ್ನು ಐ2ಸಿ ಪಿನ್ನುಗಳಿಗೆ ಜೋಡಿಸಿದೆ.

ಇನ್ನೊಂದು ಮಾತು, ಸರ್. ಆಗ ಸಂಪಿನ ಕೆಲಸವೂ ಅದೇ ಪೈಯಲ್ಲಿದ್ದುದರಿಂದ ಆ ರಾತ್ರಿ ಮೋಟರ್ ಕೂಡ ಚಾಲೂ ಆಗಲಿಲ್ಲ. ಅಂದರೆ ಒಂದೇ ಏಟಿಗೆ ನೀರೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ನೆಟ್ ಇಲ್ಲದ್ದನ್ನು ಅತ್ತೆಯವರು ಸಹಿಸಿಕೊಂಡರು. ಬೇರೆ ಬೇರೆ ಇಡಿ. ರೌಟರ್ ಆದ ಬೋರ್ಡನ್ನು ಮತ್ತೆ ಮುಟ್ಟಬೇಡಿ, ಆಟಕ್ಕೆ ಪೈ ಇರಲಿ.

ರಾತ್ರಿಪಾಳಿ

ಎಸ್‌ಡಿ ಕಾರ್ಡ್ ಹಾಳಾಗುವ ಭಯ ಇರುವವರಿಗೆ: ಓಪನ್‌ಡಬ್ಲ್ಯುಆರ್‌ಟಿ ಲಾಗ್ ಎಲ್ಲವನ್ನೂ ರ್‍ಯಾಮಿನಲ್ಲೇ ಇಡುತ್ತದೆ, ಮೂಲ ವ್ಯವಸ್ಥೆ ಓದಲು ಮಾತ್ರ ಬರುವ ಸ್ಕ್ವಾಷ್‌ಎಫ್ಎಸ್. ಕಾರ್ಡಿಗೆ ಬರೆಯುವುದು ನೀವು ಸಂರಚನೆ ಬದಲಿಸಿದಾಗ ಮಾತ್ರ. ಸಾಮಾನ್ಯ ಲಿನಕ್ಸ್ ಆದ ಡೆಬಿಯನ್ ಹಾಗೆಯೇ ಹಾಕಿದರೆ ಅದು ಹಗಲೂ ರಾತ್ರಿ ಬರೆಯುತ್ತಲೇ ಇರುತ್ತದೆ.

ಹನುಮಂತನಗರದವ

ಎರಡು ವಾರದ ವರದಿ. ಶನಿವಾರ ಮಾರುಕಟ್ಟೆಯ ಬಸ್ಸು ಹಿಡಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಿದ್ದೆ. ಯುಪಿಎಸ್, ಕೇಬಲ್, ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಸಿಕ್ಕವು. ಆರ್2ಎಸ್ ಅನ್ನು ಪರಿಚಿತರೊಬ್ಬರಿಂದ ಸೆಕೆಂಡ್‌ಹ್ಯಾಂಡ್ ಕೊಂಡೆ.

ಮೊದಲ ತೊಡಕು ನನ್ನದೇ: ಬಿಳಿ ಡಬ್ಬಿಯೂ 192.168.1.1, ಓಪನ್‌ಡಬ್ಲ್ಯುಆರ್‌ಟಿಯೂ 192.168.1.1. ಇಬ್ಬರೂ ಯಜಮಾನರಾದರೆ ಮನೆ ನಡೆಯುವುದಿಲ್ಲ. ಬದಲಿಸಿದೆ.

ಎರಡನೆಯದು ಅರ್ಥವಾಗುತ್ತಿಲ್ಲ. ಒಳಗಿನ ಕಿಂಡಿ ಚೆನ್ನಾಗಿದೆ, ಹೊರಗಿನ ಕಿಂಡಿಯಲ್ಲಿ ಏನೂ ಸಾಗುವುದಿಲ್ಲ. ಬೋರ್ಡು ಏಳುವಾಗ ಏನು ಹೇಳುತ್ತದೆಂದು ಸೀರಿಯಲ್ ತಂತಿ ಹಚ್ಚಿ ನೋಡೋಣವೆಂದರೆ ತೆರೆಯ ತುಂಬ ಕಸದಂಥ ಅಕ್ಷರಗಳು.

ಬೆಸುಗೆಗಾರ

ಕಸಕ್ಕೆ ಉತ್ತರ ಸುಲಭ. ಎಲ್ಲರಂತೆ ನೀವೂ ವೇಗ 115200 ಇಟ್ಟಿರಬೇಕು. ರಾಕ್‌ಚಿಪ್ ಮಾತನಾಡುವುದು 15,00,000 ಬಾಡ್ ವೇಗದಲ್ಲಿ. ನಿಮ್ಮ ಅಡಾಪ್ಟರಿನಲ್ಲಿ ಸಿಪಿ2102 ಚಿಪ್ ಇದ್ದರೆ ಅದು 10 ಲಕ್ಷಕ್ಕಿಂತ ಮೇಲೆ ಏರುವುದಿಲ್ಲ. ಸಿಎಚ್340 ಇರುವುದನ್ನು ತನ್ನಿ. 3.3 ವೋಲ್ಟ್ ಇರಲಿ, ಮೂರೇ ತಂತಿ ಜೋಡಿಸಿ, 5 ವೋಲ್ಟಿನ ಪಿನ್ ಮುಟ್ಟಬೇಡಿ.

ಹೊರಗಿನ ಕಿಂಡಿಯ ವಿಷಯಕ್ಕೆ ನನ್ನದೊಂದು ಅನುಮಾನ. ಕವಚ ಬಿಚ್ಚಿ, ಬೋರ್ಡಿನ ಮೇಲಿನ ಬಿಳಿ ಅಕ್ಷರ ಓದಿ ಹೇಳಿ.

ಹನುಮಂತನಗರದವ

ನಾಲ್ಕು ಸ್ಕ್ರೂ ಬಿಚ್ಚಿದೆ. ಅಪ್ಪನ ಪಂಚಾಂಗ ಓದುವ ಭೂತಗನ್ನಡಿ ಹಿಡಿದೆ. ಆರ್2ಸಿ ಎಂದಿದೆ! ಆದರೆ ಹೊಸ ಅಡಾಪ್ಟರಿನಲ್ಲಿ ಬೂಟ್ ಲಾಗ್ ಓದಿದರೆ ಆರ್2ಎಸ್ ಎನ್ನುತ್ತಿದೆ. ಯಾರನ್ನು ನಂಬಲಿ?

ಬೆಸುಗೆಗಾರ

ಬೋರ್ಡನ್ನು ನಂಬಿ. ಆರ್2ಸಿ ಅದರ ತಮ್ಮ, ಹೊರಗಿನ ಈಥರ್ನೆಟ್‌ಗೆ ರಿಯಲ್‌ಟೆಕ್ ಬದಲು ಮೋಟರ್‌ಕಾಮ್ ಚಿಪ್ ಹಾಕಿದ್ದಾರೆ, ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ.

ಲಾಗ್ ಏಕೆ ಸುಳ್ಳು ಹೇಳಿತೆಂದರೆ, ಪಿ.ಸಿ.ಯಂತೆ ಈ ಬೋರ್ಡುಗಳಿಗೆ ತಮ್ಮ ಪರಿಚಯ ಹೇಳಿಕೊಳ್ಳಲು ಬರುವುದಿಲ್ಲ. ಎಲ್ಲಿ ಯಾವ ಚಿಪ್ ಇದೆ ಎಂಬ ಜಾತಕವನ್ನು ಡಿವೈಸ್ ಟ್ರೀ ಎಂಬ ಕಡತದಲ್ಲಿ ನಾವೇ ಬರೆದು, ಕಾರ್ಡಿಗೆ ಇಳಿಸುವ ಇಮೇಜಿನೊಳಗೆ ಕೊಡುತ್ತೇವೆ. ನೀವು ಆರ್2ಎಸ್‌ನ ಜಾತಕ ಕೊಟ್ಟಿರಿ, ಕರ್ನಲ್ ಅದನ್ನೇ ಗಟ್ಟಿಯಾಗಿ ಓದಿತು. ಆರ್2ಸಿ ಇಮೇಜ್ ಬರೆಯಿರಿ. ಸಂಪರ್ಕ ಹೆಸರು, ಪಾಸ್‌ವರ್ಡು ಕೇಳುವ ಪಿಪಿಪಿಒಇ ಆದರೆ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492 ಇರಲಿ.

ಜಯನಗರದ ಜಿಜ್ಞಾಸು

ನಾನೂ ಒಂದು ತರಿಸಿದೆ, ನಗಬೇಡಿ. ಆಫೀಸಿನಿಂದ ವೈರ್‌ಗಾರ್ಡ್ ಎಂಬ ವಿಪಿಎನ್ ಮೂಲಕ ಮನೆಗೆ ಬರಬೇಕೆಂದರೆ ಏಕೋ ತಲುಪುತ್ತಿಲ್ಲ.

ರಾತ್ರಿಪಾಳಿ

ಹೊರಗಿನ ವಿಳಾಸ ನೋಡಿ. 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿಎನ್ಎಟಿ ಹಿಂದೆ ಇದ್ದೀರಿ. ಬೀದಿಗೆಲ್ಲ ಒಂದೇ ಬಾಗಿಲು, ಹೊರಗಿನಿಂದ ಬಂದವರಿಗೆ ನಿಮ್ಮ ಮನೆ ಯಾವುದೆಂದು ತಿಳಿಯುವುದಿಲ್ಲ. ಹೊಸ ಬಗೆಯ ವಿಳಾಸವಾದ ಐಪಿವಿ6 ಇದ್ದರೆ ಅದರಲ್ಲಿ ಬನ್ನಿ, ಇಲ್ಲವೇ ಸ್ಥಿರ ವಿಳಾಸ ಕೊಳ್ಳಿ.

ಹನುಮಂತನಗರದವ

ಆರ್2ಸಿ ಇಮೇಜ್ ಬರೆದ ಮೇಲೆ ಎಲ್ಲವೂ ಹೊಂದಿಕೊಂಡಿತು. ಕೇಕ್ 180ಕ್ಕೆ ಕಟ್ಟಿದ್ದೇನೆ. ಬ್ಯಾಕಪ್ ನಡೆಯುತ್ತಿದ್ದಾಗಲೇ ಹೆಂಡತಿ ಒಂದು ಗಂಟೆ ಕರೆಯಲ್ಲಿದ್ದಳು, ಏನೂ ಹೇಳಲಿಲ್ಲ. ಹೇಳದಿರುವುದೇ ವರದಿ. ರೌಟರ್‌ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಮ್ಮನ ಬೀರುವಿನಲ್ಲಿ ಇಟ್ಟಿದ್ದೇನೆ, ನನ್ನ ಕೈ ಸುಮ್ಮನಿರಲೆಂದು.

ಪೈ ಈಗ ಕೊನೆಗೂ ಸಂಪಿಗೆ ಬಂದಿದೆ. ಶಬ್ದದಿಂದ ದೂರ ಅಳೆಯುವ ಜೆಎಸ್ಎನ್ ಎಸ್‌ಆರ್04ಟಿ ಸೆನ್ಸರ್ ಮುಚ್ಚಳದ ಕೆಳಗೆ, 20 ಸೆಂಟಿಮೀಟರಿಗಿಂತ ಹತ್ತಿರದ ನೀರು ಅದಕ್ಕೆ ಕಾಣದ್ದರಿಂದ ಸ್ವಲ್ಪ ಎತ್ತರಿಸಿದ್ದೇನೆ. ಸೆನ್ಸರಿನ ಉತ್ತರ ತರುವ ಎಕೋ ತಂತಿ 5 ವೋಲ್ಟ್, ಪೈ ತಡೆಯುವುದು 3.3, ನಡುವೆ 1ಕೆ ಮತ್ತು 2ಕೆ ರೆಸಿಸ್ಟರ್. ಅಡುಗೆಮನೆಯಲ್ಲಿ ಚಿಕ್ಕ ಒಎಲ್ಇಡಿ ತೆರೆ. ಕನ್ನಡದಲ್ಲಿ ಬರೆಯಲು ಹೋದರೆ ಒತ್ತಕ್ಷರ ಕೂಡುತ್ತಿಲ್ಲ. "ನೀರಿನ ಮಟ್ಟ" ಎಂದು ಕೊಟ್ಟರೆ "ನೀರಿನ ಮಟ್‌ಟ" ಎಂದು ಬರುತ್ತಿದೆ. ಅಮ್ಮ ಹಾಗೆಯೇ ಓದಿ ನಗುತ್ತಾರೆ.

ಸಂಪಿನ ಕಪ್ಪೆ

ಪೈಥಾನ್‌ನಲ್ಲಿ ಚಿತ್ರ ಬರೆಯುವ ಪಿಲ್ಲೋ ತಾನಾಗಿ ಅಕ್ಷರ ಕೂಡಿಸುವುದಿಲ್ಲ ಸರ್, ಒಂದರ ಪಕ್ಕ ಒಂದು ಇಡುತ್ತದೆ ಅಷ್ಟೆ. ಲಿಬ್‌ರಾಕ್ಮ್ ಹಾಕಿ, ಲೇಔಟ್ ಎಂಜಿನ್ ರಾಕ್ಮ್ ಎಂದು ಬದಲಿಸಿ. ಒಳಗೆ ಹಾರ್ಫ್‌ಬಜ್ ಇದೆ, ಒತ್ತು ಕೊಡುವುದು ಅದಕ್ಕೆ ಗೊತ್ತು. ತೆರೆಯ ಎತ್ತರ 64 ಪಿಕ್ಸೆಲ್ ಮಾತ್ರ, ಒತ್ತಿನ ಬಾಲಕ್ಕೆ ಕೆಳಗೆ ಜಾಗ ಬಿಡಿ.

ಹನುಮಂತನಗರದವ

ಬಂತು. "ಮಟ್ಟ" ಸರಿಯಾಗಿ ಬಂತು, ಟ ಕೆಳಗೆ ಟ ಕುಳಿತಿದೆ. ಎರಡು ದಿನದ ಮೇಲೆ ಇವತ್ತು ಬೆಳಿಗ್ಗೆ ಕಾವೇರಿ ನೀರು ಬಂದಾಗ ತೆರೆಯ ಮೇಲೆ 38, 39, 40 ಎಂದು ಏರುವುದನ್ನು ಅಮ್ಮ ಒಲೆಯ ಮುಂದೆ ನಿಂತು ನೋಡುತ್ತಿದ್ದರು. ಹಾಲು ಉಕ್ಕಿತು.